12 ತಾಲೂಕು, 32 ಅಕ್ಷರ

ಕಾರವಾರದ ಗೆಳೆಯನ ಮನೆ ಅಟ್ಟದಲ್ಲಿ ಒಂದು ಬಿಬಿಸಿ ಮೈಕ್ರೋ ಇದೆ. 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆ ಶುರುವಾದಾಗ ನಮ್ಮ ಶಾಲೆಗಳಿಗೆ ಬಂದಿದ್ದು ಇದೇ ಜಾತಿಯ ಕಂಪ್ಯೂಟರು. ಅವನ ಅಪ್ಪ ಮೇಷ್ಟ್ರು, ಗುಜರಿಗೆ ಹೋಗುತ್ತಿದ್ದುದನ್ನು ಮನೆಗೆ ಹೊತ್ತು ತಂದಿದ್ದರಂತೆ. ಹೋದ ಮಳೆಗಾಲದಲ್ಲಿ ಇಬ್ಬರೂ ಸೇರಿ ಸ್ವಿಚ್ ಹಾಕಿದೆವು. ಬೂ-ಬೀಪ್ ಅಂದಿತು, ಐದು ನಿಮಿಷ ಚೆನ್ನಾಗಿತ್ತು, ಆಮೇಲೆ ಚಟ್ ಅಂತ ಸದ್ದಾಗಿ ಕೋಣೆ ತುಂಬ ಹೊಗೆ. ಪವರ್ ಸಪ್ಲೈ ಒಳಗಿನ ಹಳೇ ಕೆಪಾಸಿಟರ್ ಮೈ ಬಿರುಕು ಬಿಟ್ಟು, ಒಳಗೆ ತೇವ ಸೇರಿದರೆ ಹೀಗಾಗುತ್ತದೆ. ಈ ಮಷೀನಿಗೆ ಎಲ್ಲ ಕಡೆಯೂ ಬರುವ ಕಾಯಿಲೆ ಇದು. ಡಬ್ಬಿಯಲ್ಲಿಟ್ಟ ಉಪ್ಪೇ ನೀರಾಗುವ ಊರಲ್ಲಿ ಬರದೇ ಇರುತ್ತಾ?

ಅದು ರಿಪೇರಿ ಆಗುವ ತನಕ ಅಂತ ಶಿರಸಿಗೆ ಬಂದು ಜೆಎಸ್‌ಬೀಬ್ ಹಿಡಿದೆ. ಮ್ಯಾಟ್ ಗಾಡ್‌ಬೋಲ್ಟ್ ಬರೆದ ಮುಕ್ತ ತಂತ್ರಾಂಶ, ಬ್ರೌಸರಿನಲ್ಲೇ ಪೂರ್ತಿ ಬಿಬಿಸಿ ಮೈಕ್ರೋ ಓಡುತ್ತದೆ. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, 32 ಕೆಬಿ ಮೆಮೊರಿ, ಅಷ್ಟೇ. ಇದರಲ್ಲಿ ಕನ್ನಡ ಬರೆದರೆ ಹೇಗೆ ಅನ್ನಿಸಿತು.

ವಿಡಿಯು 23 ಅಂತ ಒಂದು ಆಜ್ಞೆ ಇದೆ. 224ರಿಂದ 255ರವರೆಗಿನ ಸಂಖ್ಯೆಯ 32 ಅಕ್ಷರಗಳನ್ನು ನಮಗೆ ಬೇಕಾದ ಹಾಗೆ ಬಿಡಿಸಿಕೊಳ್ಳಬಹುದು. ಒಂದು ಅಕ್ಷರಕ್ಕೆ 8 ಸಾಲು, ಸಾಲಿಗೆ 8 ಚುಕ್ಕಿ, ಎಡದಿಂದ ಅವುಗಳ ಬೆಲೆ 128, 64, 32, 16, 8, 4, 2, 1. ಮಧ್ಯದ ನಾಲ್ಕು ಚುಕ್ಕಿ ಹೊತ್ತಬೇಕಾದರೆ 32, 16, 8, 4 ಕೂಡಿಸಿ 60 ಅಂತ ಬರೆಯಬೇಕು. ನಾನು ಚೌಕುಳಿ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಕೂತಿದ್ದನ್ನು ನೋಡಿ ಆಯಿ ಕೇಳಿದಳು, "ಎಂತದೋ ಇದು, ರಂಗೋಲಿಯಾ?"

ಮೊದಲ ದಿನ ಸಂಜೆಯೆಲ್ಲ ದಂಡವಾಯಿತು. ಈ ಮಷೀನಿನ ಪರದೆಗೆ ಬೇರೆ ಬೇರೆ ಮೋಡ್ ಇವೆ, ಶುರುವಾಗುವುದೇ ಮೋಡ್ 7ರಲ್ಲಿ, ಅಲ್ಲಿ ಅಕ್ಷರದ ಆಕಾರ ಬರುವುದು ಬೇರೆ ಚಿಪ್‌ನಿಂದ, ನಾವು ಏನೇ ಬಿಡಿಸಿ ಕೊಟ್ಟರೂ ಅದು ಕ್ಯಾರೇ ಅನ್ನುವುದಿಲ್ಲ. ಮೋಡ್ 4ಕ್ಕೆ ಹೋದ ಮೇಲೆ ಪರದೆ ಮೇಲೆ 'ರ' ಕಂಡಿತು. ಸ್ವಲ್ಪ ಸೊಟ್ಟ, ಆದರೆ ರ.

ಪರೀಕ್ಷೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ 12 ತಾಲೂಕಿನ ಹೆಸರು ತಗೊಂಡೆ. ಕಾರವಾರ, ಶಿರಸಿ ಸುಲಭ. ಕುಮಟಾ ಕೂಡ. ಕಾಟ ಕೊಟ್ಟಿದ್ದು ಹೊನ್ನಾವರ, ಭಟ್ಕಳ, ಸಿದ್ದಾಪುರ, ಯಲ್ಲಾಪುರ, ಅಂದರೆ ಒತ್ತಕ್ಷರ ಇರುವ ನಾಲ್ಕು. 8 ಸಾಲಿನಲ್ಲಿ ಅಕ್ಷರವೇ ಉಸಿರುಗಟ್ಟಿ ಕೂತಿರುತ್ತದೆ, ಒತ್ತಿಗೆ ಜಾಗ ಎಲ್ಲಿ? ಕೊನೆಗೆ ಒತ್ತನ್ನೇ ಬೇರೆ ಅಕ್ಷರ ಮಾಡಿದೆ. ಹೊನ್ನಾವರಕ್ಕೆ 'ನಾ' ಬರೆದು, 8 ಅನ್ನುವ ಸಂಕೇತ ಕಳಿಸಿ ಕರ್ಸರ್ ಹಿಂದೆ, 10 ಕಳಿಸಿ ಕೆಳಗೆ, ಅಲ್ಲಿ ಒತ್ತು, 11 ಕಳಿಸಿ ಮತ್ತೆ ಮೇಲೆ. ಹೆಸರಿಗೆ ಎರಡು ಸಾಲು ಬೇಕು, 12 ಹೆಸರಿಗೆ 24, ಪರದೆಯಲ್ಲಿ 32 ಸಾಲು ಇದೆ, ಸಾಕು.

ಕಾರವಾರದಿಂದ ಭಟ್ಕಳದವರೆಗೆ ಇಳಿದು, ಘಟ್ಟ ಹತ್ತಿ ಶಿರಸಿ, ಸಿದ್ದಾಪುರ ಅಂತ ಬರೆಯುತ್ತಾ ಹೋದರೆ ಜೋಯಿಡಾದ 'ಜೋ'ಗೆ 32 ಮುಗಿಯಿತು! ಬೇಕಿದ್ದು 36. ತಲೆ ಕೆರೆದುಕೊಂಡು ಕೂತಾಗ ಹೊಳೆಯಿತು, ಮೋಡ್ 4ರಲ್ಲಿ ಪರದೆಗೆ ಬಿದ್ದಿದ್ದು ಬರೀ ಚುಕ್ಕಿ. ಬರೆದಾದ ಮೇಲೆ 224ನ್ನು ಬೇರೆ ಅಕ್ಷರ ಮಾಡಿದರೂ ಮೇಲಿನ 'ಕಾ' ಹಾಗೇ ಇರುತ್ತದೆ. ಹಳೇ ನಾಲ್ಕನ್ನು ಅಳಿಸಿ ಯಿ, ಡಾ, ಡೇ, ಲಿ ಬಿಡಿಸಿದೆ. ಇದು ಕಂಡಾಗ ಆದ ಖುಷಿ ಆಫೀಸಿನ ಕೆಲಸದಲ್ಲಿ ವರ್ಷಕ್ಕೊಮ್ಮೆಯೂ ಆಗಲ್ಲ.

ಕೋ, ಗೋ, ಜೋ ಮಾತ್ರ ಸುಳ್ಳು ಹೇಳಬಾರದು, ಕರಗಿದ ಬೆಲ್ಲದ ಹಾಗಿವೆ. ಆಯಿಗೆ ತೋರಿಸಿದೆ. ಹನ್ನೊಂದು ಓದಿದಳು, ಜೋಯಿಡಾಕ್ಕೆ ಬಂದು ನಿಂತಳು.

"ಸೂಪಾ ಅಂತಲೇ ಬರೆದಿದ್ರೆ ಆಗ್ತಿರ್ಲಿಲ್ವನೋ?"

ಅದು ಆ ತಾಲೂಕಿನ ಹಳೇ ಹೆಸರು. ಲೆಕ್ಕ ಹಾಕಿದೆ, ಮೂರರ ಬದಲು ಎರಡು ಅಕ್ಷರ, ಒಟ್ಟು 35. ಆದರೂ ಮೂರು ಜಾಸ್ತಿಯೇ.