ಅಪ್ಪ ಅಮ್ಮಂದಿರು ಬರೆದ ಆ ಕಾಗದ

ಮಳೆಗಾಲ ಜೋರಾದರೆ ನನಗೆ ಥಾಯ್ಲೆಂಡಿನ ಆ ಗುಹೆ ನೆನಪಾಗುತ್ತದೆ. ಥಾಮ್ ಲುವಾಂಗ್. 2018ರ ಜೂನ್ 23ರಂದು 12 ಹುಡುಗರು ತಮ್ಮ ಫುಟ್‌ಬಾಲ್ ಕೋಚ್ ಜೊತೆ ಅದರೊಳಗೆ ಹೋದರು. 11ರಿಂದ 16 ವರ್ಷದ ಹುಡುಗರು. ಕೋಚ್‌ಗೆ ಇನ್ನೂ 25. ಆಟ ಮುಗಿಸಿಕೊಂಡು, ಒಂದು ಗಂಟೆ ಒಳಗೆ ಸುತ್ತಾಡಿ ಬರೋಣ ಅಂತ ಹೊರಟವರು. ಮಳೆನೀರು ನುಗ್ಗಿ, ಅವರು ಬಂದ ದಾರಿಯೇ ಮುಚ್ಚಿಹೋಯಿತು. ಅವರ ಸೈಕಲ್‌ಗಳು ಮಾತ್ರ ಗುಹೆಯ ಬಾಯಲ್ಲಿ ಉಳಿದವು.

ಆಗ ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಹೊಸನಗರ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ನಮ್ಮೂರ ಹೋಟೆಲಿನ ಟಿವಿಯಲ್ಲಿ ಆ ಸುದ್ದಿ ಬಂದಾಗ ಎಲ್ಲರೂ ಚಹಾ ಲೋಟ ಕೆಳಗಿಟ್ಟು ನೋಡಿದರು. "ಅಯ್ಯೋ ಪಾಪ, ಮಕ್ಕಳು" ಅಂದರು. ಅದರ ಹಿಂದೆಯೇ ಒಬ್ಬರು, "ಮೊದಲು ಆ ಕೋಚ್‌ನ ಜೈಲಿಗೆ ಹಾಕ್ಬೇಕು. ಮಳೇಲಿ ಮಕ್ಳನ್ನ ಕರ್ಕೊಂಡು ಹೋಗ್ತಾರಾ?" ಎಂದರು. ಯಾರೂ ಅಲ್ಲಗಳೆಯಲಿಲ್ಲ. ನಾನು ಎದ್ದು ಮನೆಗೆ ಬಂದೆ.

ಯಾಕೆ ಅಂತ ಹೇಳುತ್ತೇನೆ. 1998ರ ಆಗಸ್ಟ್. ತಾಲ್ಲೂಕು ಮಟ್ಟದ ಖೋ ಖೋದಲ್ಲಿ ನಮ್ಮ ಹುಡುಗರು ಗೆದ್ದಿದ್ದರು. ಒಂಬತ್ತು ಜನ. ಕೊನೆ ಬಸ್ಸು ತಪ್ಪಿತು. ಒಳದಾರಿ ಹಿಡಿದು ನಡೆದರೆ ಒಂದೂವರೆ ಗಂಟೆ, ಕತ್ತಲಾಗುವುದರೊಳಗೆ ಊರು ಸೇರಬಹುದು ಅಂತ ನಾನೇ ಲೆಕ್ಕ ಹಾಕಿದೆ. ಹುಡುಗರು ಕಪ್ ಹಿಡಿದುಕೊಂಡು ಕೂಗುತ್ತಾ ನಡೆದರು. ಹಳ್ಳದ ಹತ್ತಿರ ಬಂದರೆ ಸಂಕವೇ ಕಾಣುತ್ತಿಲ್ಲ. ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಆಳೆತ್ತರಕ್ಕೆ ಕೆಂಪಗೆ ಹರಿಯುತ್ತಿತ್ತು. ತಿರುಗಿ ಹೋಗೋಣ ಅಂದರೆ ಹಿಂದೆಯೂ ಒಂದು ಹಳ್ಳ, ಅದೂ ಏರಿತ್ತು.

ಗದ್ದೆ ಕಾಯುವವರ ಮಾಳ ಒಂದಿತ್ತು. ಹತ್ತೂ ಜನ ಅದರಲ್ಲಿ ಒತ್ತಿಕೊಂಡು ಕೂತೆವು. ಚಿಕ್ಕವನಿಗೆ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಅಂಗಿ ಬಿಚ್ಚಿ ಹೊದಿಸಿದೆ. ರಾತ್ರಿ ಇಡೀ ಕತೆ ಹೇಳಿದೆ, ಹಾಡಿಸಿದೆ, ಮಗ್ಗಿ ಹೇಳಿಸಿದೆ. ಮನಸ್ಸಿನಲ್ಲಿ ಒಂದೇ ಯೋಚನೆ: ಈ ಮಕ್ಕಳ ಮನೆಯವರಿಗೆ ಏನಂತ ಹೇಳಲಿ? ಬೆಳಗಿನ ಜಾವ ನೀರು ಇಳಿಯಿತು. ಆಚೆ ದಡದಲ್ಲಿ ಅಪ್ಪಂದಿರು ನಿಂತಿದ್ದರು, ಕೈಯಲ್ಲಿ ಟಾರ್ಚು, ಹಗ್ಗ. ಎಲ್ಲ ಮಕ್ಕಳನ್ನೂ ದಾಟಿಸಿ ಕೊನೆಗೆ ನಾನು ದಾಟಿದೆ. ಒಬ್ಬರು ಬಂದು ನನ್ನ ಬನಿಯನ್ ಹಿಡಿದು ಜಗ್ಗಿದರು. ಅವರ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ರಾತ್ರಿಯೆಲ್ಲ ಮಗ ಸತ್ತನೇ ಬದುಕಿದ್ದಾನೇ ಎಂದು ತಿಳಿಯದೆ ಕೂತವರು ಅವರು. ಆದರೆ ಮುಂದಿನ ಮೂರು ವರ್ಷ ನಾನು ಯಾವ ಹುಡುಗರನ್ನೂ ಆಟಕ್ಕೆ ಹೊರಗೆ ಕರೆದುಕೊಂಡು ಹೋಗಲಿಲ್ಲ. ಧೈರ್ಯ ಬರಲಿಲ್ಲ.

ಹಾಗಾಗಿ ಆ ಗುಹೆಯಲ್ಲಿ ನನ್ನ ಕಣ್ಣು ಮಕ್ಕಳಿಗಿಂತ ಜಾಸ್ತಿ ಆ ಕೋಚ್ ಮೇಲೇ ಇತ್ತು. ಮೊದಲು ಬೌದ್ಧ ಮಠದಲ್ಲಿ ಇದ್ದವನಂತೆ. ಆಗ ಅವನಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಒಳಗೆ ತಿನ್ನಲು ಏನೂ ಇರಲಿಲ್ಲ. ಕಲ್ಲಿನಿಂದ ತೊಟ್ಟಿಕ್ಕುವ ನೀರು ಕುಡಿಯಲು ಹೇಳಿದ. ಸುಮ್ಮನೆ ಕೂತು ಧ್ಯಾನ ಮಾಡುವುದನ್ನು ಕಲಿಸಿದ. ಜುಲೈ 2ರಂದು ಇಬ್ಬರು ಬ್ರಿಟಿಷ್ ಮುಳುಗುಗಾರರು ಅವರನ್ನು ಕಂಡುಹಿಡಿದಾಗ 13 ಜನರೂ ಬದುಕಿದ್ದರು. ಆ ಕತ್ತಲಲ್ಲಿ ಒಂಬತ್ತು ದಿನ ಒಬ್ಬರೂ ಕೈಬಿಟ್ಟು ಹೋಗಲಿಲ್ಲ. ನಾನು ಒಂದೇ ರಾತ್ರಿಗೆ ಸೋತು ಸುಣ್ಣವಾಗಿದ್ದೆ.

ಆಮೇಲೆ ಒಳಗಿನಿಂದ ಕಾಗದಗಳು ಬಂದವು. ಮಕ್ಕಳದ್ದು ಮಕ್ಕಳ ಹಾಗೇ ಇತ್ತು. ಒಬ್ಬನಿಗೆ ಕರಿದ ಕೋಳಿ ಬೇಕು. ಇನ್ನೊಂದು ಕಡೆ ಮೇಷ್ಟ್ರಿಗೆ ಮನವಿ, ಹೋಂವರ್ಕ್ ಜಾಸ್ತಿ ಕೊಡಬೇಡಿ ಅಂತ. ಕೋಚ್ ತನ್ನ ಕಾಗದದಲ್ಲಿ ಎಲ್ಲ ಅಪ್ಪ ಅಮ್ಮಂದಿರ ಕ್ಷಮೆ ಕೇಳಿದ್ದ. ಅಪ್ಪ ಅಮ್ಮಂದಿರೂ ಅವನಿಗೆ ಕಾಗದ ಕಳಿಸಿದರು. ನಮಗೆ ಯಾರಿಗೂ ನಿನ್ನ ಮೇಲೆ ಸಿಟ್ಟಿಲ್ಲ, ನಿನ್ನನ್ನು ನೀನು ದೂರಿಕೊಳ್ಳಬೇಡ ಎಂಬ ಅರ್ಥದ ಮಾತು. ಗಮನಿಸಿ, ಮಕ್ಕಳು ಆಗ ಇನ್ನೂ ಒಳಗೇ ಇದ್ದರು. ಹೊರಗೆ ಬರುತ್ತಾರೆ ಅಂತ ಯಾರೂ ಖಾತ್ರಿ ಕೊಟ್ಟಿರಲಿಲ್ಲ. ಮಗ ಮನೆಗೆ ಬಂದ ಮೇಲೆ ಕ್ಷಮಿಸುವುದು ಬೇರೆ. ಇವರು ಬರೆದದ್ದು ಅದಕ್ಕೂ ಮೊದಲು. ಪತ್ರಿಕೆಯಲ್ಲಿ ಅದನ್ನು ಓದಿ ನಾನು ಅತ್ತೆ. ಹೆಂಡತಿ ಒಳಗಿಂದ ಬಂದು, "ಯಾಕ್ರೀ, ಏನಾಯ್ತು?" ಅಂತ ಗಾಬರಿಯಾದಳು.

ಹೊರಗಿನ ಜನರೂ ಹಾಗೇ ಇದ್ದರು. ಗುಹೆಯಿಂದ ಪಂಪು ಹಚ್ಚಿ ತೆಗೆದ ನೀರು ಸುತ್ತಲಿನ ಭತ್ತದ ಗದ್ದೆಗಳಿಗೆ ನುಗ್ಗಿತು. ಸಸಿ ಮುಳುಗಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಗದ್ದೆ ಇರುವ ನನಗೆ ಗೊತ್ತು. ಆ ರೈತರು ಮಕ್ಕಳು ಮೊದಲು ಬರಲಿ ಎಂದರು. ಕೆಲವರು ಪರಿಹಾರವೂ ಬೇಡ ಎಂದರು. ಊರಿನವರು ಸಾವಿರಾರು ಜನಕ್ಕೆ ಅಡುಗೆ ಮಾಡಿ ಬಡಿಸಿದರು. ಕೆಸರಾದ ಬಟ್ಟೆಗಳನ್ನು ರಾತ್ರಿಯಲ್ಲಿ ಒಯ್ದು ಒಗೆದು ಬೆಳಿಗ್ಗೆ ತಂದುಕೊಟ್ಟವರೂ ಇದ್ದರು.

ನೀರೆತ್ತಲು ನೆರವಾದವರಲ್ಲಿ ಭಾರತದಿಂದ ಹೋದ ಕಿರ್ಲೋಸ್ಕರ್ ಬ್ರದರ್ಸ್‌ನ ಇಂಜಿನಿಯರುಗಳೂ ಇದ್ದರು. ಆ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ತೋಟದ ಪಂಪ್‌ಸೆಟ್ಟೂ ಅದೇ. ಇದನ್ನು ಹೋಟೆಲಿನಲ್ಲಿ ಹೇಳಿದಾಗ ಎಲ್ಲರ ಮುಖ ಅರಳಿತು.

ಜುಲೈ 6ರಂದು ಸಮನ್ ಕುನಾನ್ ತೀರಿಕೊಂಡರು. ಥಾಯ್ ನೌಕಾಪಡೆಯ ಕೆಲಸ ಬಿಟ್ಟಿದ್ದವರು, ತಾವಾಗಿಯೇ ಬಂದಿದ್ದರು. ಒಳಗೆ ಗಾಳಿಯ ಸಿಲಿಂಡರ್ ಇಟ್ಟು ವಾಪಸ್ ಬರುವಾಗ ಅವರಿಗೇ ಗಾಳಿ ಸಿಗಲಿಲ್ಲ. ಅವರ ಹೆಂಡತಿ ಆಮೇಲೆ ಆ ಹುಡುಗರಿಗೆ ಹೇಳಿದ್ದು ಕೂಡ ಅದನ್ನೇ: ಇದು ನಿಮ್ಮ ತಪ್ಪು ಅಂದುಕೊಳ್ಳಬೇಡಿ. ಗಂಡನನ್ನು ಕಳೆದುಕೊಂಡ ಹೆಂಗಸು. ಆ ಮಾತು ಹೇಳಲು ಅವರಿಗೆ ಎಲ್ಲಿಂದ ಶಕ್ತಿ ಬಂತೋ! ಹುಡುಗರಲ್ಲಿ 11 ಜನ, ಜೊತೆಗೆ ಕೋಚ್, ತಲೆ ಬೋಳಿಸಿಕೊಂಡು ಕೆಲವು ದಿನ ಮಠದಲ್ಲಿದ್ದು ಅವರಿಗಾಗಿ ಪ್ರಾರ್ಥಿಸಿದರು. ಉಳಿದ ಒಬ್ಬ ಕ್ರೈಸ್ತ ಹುಡುಗ.

ಜುಲೈ 8ರಿಂದ ಮೂರು ದಿನ ಹೊರತರುವ ಕೆಲಸ ನಡೆಯಿತು. ನೀರಿನಡಿಯಲ್ಲಿ ಹೆದರಿ ಕೈಕಾಲು ಬಡಿಯಬಾರದೆಂದು ಹುಡುಗರಿಗೆ ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟಿದ್ದರು. ನಾಲ್ಕು, ನಾಲ್ಕು, ಕೊನೆಗೆ ಐದು. ನಮ್ಮಲ್ಲಿ ಮಳೆಗೆ ಕರೆಂಟ್ ಹೋಗಿ ಟಿವಿ ಬಂದ್ ಆಗಿತ್ತು. ಹತ್ತನೇ ತಾರೀಖು ಸಂಜೆ ಫೋನ್ ಹೊಡೆದುಕೊಂಡಿತು. ಆ ಮಾಳದ ರಾತ್ರಿಯ ಚಿಕ್ಕವನು. ಈಗ ಬೆಂಗಳೂರಿನಲ್ಲಿ ಕೆಲಸ, ಎರಡು ಮಕ್ಕಳ ಅಪ್ಪ. ಹೊಳೆ ದಾಟಿದ ವಿಷಯ ನಾವಿಬ್ಬರೂ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮಾತಾಡಿರಲಿಲ್ಲ.

"ಸರ್, ನ್ಯೂಸ್ ನೋಡಿದ್ರಾ? ಎಲ್ಲಾ ಮಕ್ಕಳೂ ಬಂದ್ರು."

"ಕೋಚ್?" ಎಂದೆ.

"ಅವರೂ ಬಂದ್ರು ಸರ್. ಅದನ್ನ ಹೇಳೋಕೇ ಫೋನ್ ಮಾಡ್ದೆ."