ಅತ್ತಿ ಮರದ ಬೆನ್ನು ಹತ್ತಿ: ಇಲ್ಲಿಯವರೆಗಿನ ಕೆಲಸ

ತೀರ್ಥಹಳ್ಳಿ ಕಡೆಯ ನಮ್ಮ ತೋಟದಂಚಿನಲ್ಲಿ, ಹಳ್ಳದ ದಂಡೆಗೆ ಒಂದು ಹಳೆಯ ಅತ್ತಿ ಮರವಿದೆ. ದತ್ತಾತ್ರೇಯನ ಮರವೆಂದು ಅದಕ್ಕೆ ಯಾರೂ ಕತ್ತಿ ಹಚ್ಚಿಲ್ಲ. ಈ ಸಲದ ಕಾಯಿಗಳನ್ನು ಮೊಗ್ಗಿನಿಂದ ಹಣ್ಣಿನವರೆಗೆ ಗಮನಿಸಿ ಬರೆದಿಡುತ್ತಿದ್ದೇನೆ. ಸಾಮಗ್ರಿ ಇಷ್ಟೇ: ಬ್ಲೇಡು, ಭೂತಗನ್ನಡಿ, ಮೊಬೈಲ್.

ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳು ಎಂದು ಊರಿನವರು ಮೂಗು ಮುರಿಯುತ್ತಾರೆ. ಆ ಹುಳುವಿಲ್ಲದಿದ್ದರೆ ಮರಕ್ಕೆ ಬೀಜವೇ ಇಲ್ಲ. ಅತ್ತಿಯ ಹೂಗಳೆಲ್ಲ ಕಾಯಿಯ ಒಳಗೋಡೆಗೇ ಅಂಟಿಕೊಂಡಿರುತ್ತವೆ. ಅಲ್ಲಿಗೆ ಜೇನ್ನೊಣ ಹೋಗಲಾರದು.

ಶಿವರಾತ್ರಿಯ ಹೊತ್ತಿಗೆ ಎಳೆಗಾಯಿಯೊಂದನ್ನು ಸೀಳಿದೆ. ತುದಿಯ ಕಂಡಿಯಲ್ಲಿ ಒಂದರ ಮೇಲೊಂದು ಒತ್ತಿ ಕುಳಿತ ಹುರುಪೆಗಳ ನಡುವೆ ಹರಿದ ರೆಕ್ಕೆಗಳು ಸಿಕ್ಕಿಕೊಂಡಿದ್ದವು. ಒಳಗೆ ಆ ರೆಕ್ಕೆಗಳ ಒಡತಿ, ಸುಮಾರು 2 ಮಿಲಿಮೀಟರ್ ಉದ್ದದ ಕಪ್ಪು ಕಣಜ, ಹೂವಿಂದ ಹೂವಿಗೆ ನಡೆಯುತ್ತಲೇ ಇತ್ತು. ಸೆರಟೊಸೊಲೆನ್ ಫುಸ್ಸಿಸೆಪ್ಸ್ ಇದರ ಹೆಸರು. ಎದೆಯ ಚೀಲದಲ್ಲಿ ತಂದ ಪರಾಗವನ್ನು ಹೂಗಳಿಗೆ ಸವರುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಯ ಪಾಲು, ಉಳಿದವುಗಳಲ್ಲಿ ಬೀಜ ಕಟ್ಟುವುದು ಮರದ ಪಾಲು. ಎಷ್ಟು ನ್ಯಾಯವಾದ ಹಂಚಿಕೆ!

ಕಳ್ಳರೂ ಇದ್ದಾರೆ. ಬೇರೆ ಜಾತಿಯ ಕಣಜಗಳು ಹೊರಗಿನಿಂದಲೇ ಉದ್ದನೆಯ ಸೂಜಿ ಚುಚ್ಚಿ ಮೊಟ್ಟೆ ಇಳಿಸುತ್ತವೆ, ಪರಾಗದ ಗೊಡವೆಗೇ ಹೋಗುವುದಿಲ್ಲ. ಸೂಜಿ ಒಳಗಿಳಿಸಿ ಅಲುಗಾಡದೆ ನಿಂತ ಒಂದನ್ನು ಚಗಳಿ ಇರುವೆ ಸೊಂಟ ಹಿಡಿದು ಎಳೆದೊಯ್ದದ್ದನ್ನು ಕಣ್ಣಾರೆ ಕಂಡೆ. ಚಟ್ನಿಗೆಂದು ಚಗಳಿ ಗೂಡು ಕೀಳುವವರಿಗೆ ಈ ಮರವೊಂದನ್ನು ಬಿಡಿ ಎಂದು ಕೇಳಿಕೊಂಡಿದ್ದೇನೆ.

ಯುಗಾದಿ ಕಳೆದ ಮೇಲೆ ಬಲಿತ ಕಾಯಿಗಳನ್ನು ಗಾಜಿನ ಬಾಟಲಿಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿದೆ. ರೆಕ್ಕೆಯೇ ಇಲ್ಲದ ಗಂಡುಗಳು ಒಳಗೇ ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿದವು. ಆ ತೂತಿನಿಂದ ಹೆಣ್ಣುಗಳು ಪರಾಗ ಹೊತ್ತು ಸಾಲಾಗಿ ಹೊರಬಿದ್ದವು. ಬಟ್ಟೆ ಬಿಚ್ಚಿ ಬಿಟ್ಟುಬಿಟ್ಟೆ. ಅವುಗಳ ಆಯುಸ್ಸು ಒಂದೆರಡು ದಿನ. ಅಷ್ಟರಲ್ಲಿ ಎಳೆಗಾಯಿ ಬಿಟ್ಟ ಇನ್ನೊಂದು ಅತ್ತಿ ಸಿಗಲೇಬೇಕು. ನಮ್ಮ ಮರದಲ್ಲಿ ಈಗ ಎಳೆಗಾಯಿಯಿಲ್ಲ, ಹಣ್ಣಾಗುತ್ತಿರುವವಕ್ಕೆ ಕುಟ್ರು ಹಕ್ಕಿ, ಬಾವಲಿಗಳು ಬರತೊಡಗಿವೆ. ಹಾಗಾಗಿ ಒಂದೇ ಮರ ಕಾದರೆ ಈ ನಂಟು ಉಳಿಯದು, ಹಳ್ಳದ ಗುಂಟ ಹಲವು ಮರಗಳು ಬೇಕು.

ಮುಂದಿನ ಕೆಲಸ ಆ ಮರಗಳ ಪಟ್ಟಿ, ಯಾವುದರಲ್ಲಿ ಯಾವಾಗ ಎಳೆಗಾಯಿ ಎಂಬ ಲೆಕ್ಕ. ಕೆಳಗಿನ ಮನೆಯ ದೊಡ್ಡಪ್ಪ, "ನಮ್ಮ ಗದ್ದೆಯಂಚಿನ ಅತ್ತಿ ಈಗಷ್ಟೇ ಕಾಯಿ ಕಚ್ಚಿದೆ, ಬಂದು ನೋಡು ಮಾರಾಯ" ಎಂದಿದ್ದಾರೆ. ಭಾನುವಾರ ಅಲ್ಲಿಂದಲೇ ಶುರು.