ಹೊಗೆ, ಗಾಳಿ, ಉಪಗ್ರಹ

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ಹೋದರೆ ಹೊಗೆ ಕಣ್ಣಿಗೂ ಕಾಣುತ್ತದೆ, ಮೂಗಿಗೂ ಗೊತ್ತಾಗುತ್ತದೆ. ಆದರೆ 824 ಕಿ.ಮೀ. ಮೇಲೆ ಸುತ್ತುತ್ತಾ ಗಾಳಿಯಲ್ಲಿನ ಮಾಲಿನ್ಯ ಅಳೆಯುವ ಸೆಂಟಿನೆಲ್-5ಪಿ ಉಪಗ್ರಹಕ್ಕೆ ಆ ಭಟ್ಟಿಗಳು ಬೇರೆಯಾಗಿ ಕಾಣೋದೇ ಇಲ್ಲ. ಅದರ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲ. ಭಟ್ಟಿ, ಬಸ್ ಸ್ಟ್ಯಾಂಡ್, ಪಿ.ಬಿ. ರಸ್ತೆ ಎಲ್ಲ ಸೇರಿ ಒಂದೇ ಬಣ್ಣ!

ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಕಥೆ ಬೇರೆ. ಅಲ್ಲಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಬಿಸಿಲಿನ ನೀಲಿ ಬೆಳಕನ್ನು ಹೀರುತ್ತದೆ, ನೆಲಕ್ಕೆ ಬಡಿದು ವಾಪಸ್ ಬರುವ ಬೆಳಕಿನಲ್ಲಿ ನೀಲಿ ಎಷ್ಟು ಕಮ್ಮಿಯಾಗಿದೆ ಅಂತ ನೋಡಿ ಉಪಗ್ರಹ ಲೆಕ್ಕ ಹಾಕುತ್ತದೆ. ಹಗಲಲ್ಲಿ ಈ ಅನಿಲದ ಆಯಸ್ಸು ಕೆಲವೇ ಗಂಟೆ, ಹಾಗಾಗಿ ಚಿಮಣಿಯಿಂದ ತುಂಬಾ ದೂರ ಹೋಗುವ ಮೊದಲೇ ಕರಗುತ್ತದೆ, ಮೂಲ ಯಾವುದು ಅಂತ ಸಿಕ್ಕಿಬೀಳುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ, ಅದು ವರ್ಷಗಟ್ಟಲೆ ಉಳಿದು ಎಲ್ಲ ಕಡೆ ಹರಡಿರುತ್ತದೆ.

ನನಗೆ ಮಜಾ ಅನಿಸಿದ್ದು ಗಾಳಿಯ ವಿಷಯ. ಚಿಮಣಿ ಅದೇ, ಉರಿಯುವ ಕಲ್ಲಿದ್ದಲೂ ಅಷ್ಟೇ, ಆದರೂ ಗಾಳಿ ಜೋರಿದ್ದ ದಿನ ಹೊಗೆ ತೆಳ್ಳಗೆ ಕಾಣುತ್ತದೆ, ಗಾಳಿ ನಿಂತ ದಿನ ದಟ್ಟ. ಗಾಳಿಯ ವೇಗ ಸರಿಯಾಗಿ ಗೊತ್ತಿಲ್ಲದಿದ್ದರೆ ಚಿಮಣಿಯಿಂದ ಎಷ್ಟು ಹೊಗೆ ಬಂತು ಅನ್ನೋ ಅಂದಾಜೂ ಅಷ್ಟೇ ತಪ್ಪುತ್ತದೆ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಗೂ ಕೆಳಗಿನ ಬಯಲಿನ ಗಾಳಿಗೂ ಎಷ್ಟು ವ್ಯತ್ಯಾಸ ಅಂತ ಅಲ್ಲಿ ಗಾಳಿಯಿಂದ ಕರೆಂಟ್ ಮಾಡುವ ಫ್ಯಾನ್‌ಗಳನ್ನು ನೋಡಿದವರಿಗೆ ಗೊತ್ತು, ಅಲ್ವಾ?

ಇನ್ನೊಂದು, ಈ ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಅದೂ ಇಲ್ಲ. ಸಂಜೆಯ ಟ್ರಾಫಿಕ್ ಹೊಗೆಯನ್ನು ಸುಮ್ನೆ ಅಂದಾಜಿನಲ್ಲೇ ತುಂಬಿಕೊಳ್ಳಬೇಕು.